ಎಡ ಮುಂಗಾಲಿನ ಮೂಳೆ

ಮಾರ್ಚ್ 11ರ ಬೆಳಿಗ್ಗೆ 9.40ಕ್ಕೆ ಪಶುವೈದ್ಯ ಕಾಲೇಜಿನ ಅಂಗರಚನಾ ವಿಭಾಗದ ಅಧ್ಯಾಪಕಿ ಠಾಣೆಗೆ ಬಂದರು. ವಿಭಾಗದ ಸಂಗ್ರಹಾಲಯದಲ್ಲಿ ನಿಲ್ಲಿಸಿದ್ದ ಕುದುರೆಯ ಅಸ್ಥಿಪಂಜರದಿಂದ ಒಂದು ಮೂಳೆ ಕಳವಾಗಿತ್ತು.

"ಯಾವ ಮೂಳೆ?" ಇನ್‌ಸ್ಪೆಕ್ಟರ್ ಕೇಳಿದರು.

"ಎಡ ಮುಂಗಾಲಿನ ಮೂರನೇ ಅಂಗೈ ಮೂಳೆ."

ದೂರು ಬರೆದುಕೊಳ್ಳುತ್ತಿದ್ದ ರೈಟರ್ ತಲೆ ಎತ್ತಿದ. "ಕುದುರೆಗೆ ಅಂಗೈ ಎಲ್ಲಿಂದ ಬಂತು ಮೇಡಂ?"

ಅಧ್ಯಾಪಕಿ ನಗಲಿಲ್ಲ. ಮನುಷ್ಯರ ಅಂಗೈಯಲ್ಲಿ ಐದಿರುವ ಮೂಳೆ ಕುದುರೆಗೆ ಒಂದೇ ದೊಡ್ಡದಾಗಿ ಬೆಳೆದು, ಮುಂಗಾಲಿನ ಮಂಡಿಯ ಕೆಳಗೆ ಇಡೀ ಭಾರ ಹೊರುತ್ತದೆ ಎಂದು ವಿವರಿಸಿದರು. ಮೇಲ್ತುದಿ ಚಪ್ಪಟೆ; ಕೆಳತುದಿಯಲ್ಲಿ ಕೀಲಿಗೆಂದು ಉರುಟಾದ ಉಬ್ಬು, ಅದರ ನಡುವೆ ಒಂದು ಏಣು. "ಇದರ ನಡುಭಾಗದಲ್ಲಿ ಒಂದು ಗಂಟಿದೆ. ಹಳೇ ಬಿರುಕು ಕೂಡಿಕೊಂಡ ಗುರುತು."

FIR ದಾಖಲಾಯಿತು. 11.15ಕ್ಕೆ ಸ್ಥಳದ ಪಂಚನಾಮೆ ನಡೆಯಿತು. ಬಾಗಿಲು ಮುರಿದಿರಲಿಲ್ಲ, ಹಿಂದಿನ ದಿನ ಸಾರ್ವಜನಿಕರಿಗೆ ಪ್ರವೇಶವಿತ್ತು. ಮೂಳೆಗಳನ್ನು ಬಿಗಿದಿದ್ದ ತಂತಿಯನ್ನು ಕತ್ತರಿಸದೆ ನಿಧಾನವಾಗಿ ಬಿಡಿಸಿದ್ದರು. ಮೂಳೆಯಿದ್ದ ಕಡೆ ಅಷ್ಟೇ ಉದ್ದದ ಮರದ ತುಂಡೊಂದನ್ನು ಕಟ್ಟಿದ್ದರು.

"ಕುದುರೆ ಬೀಳ್ಬಾರ್ದು ಅಂತ ಕಾಲು ಕೊಟ್ಟು ಹೋಗಿದಾನೆ," ಇನ್‌ಸ್ಪೆಕ್ಟರ್ ತಮ್ಮಷ್ಟಕ್ಕೇ ಹೇಳಿಕೊಂಡರು.

ಕಾನ್‌ಸ್ಟೆಬಲ್ ತುಂಡನ್ನು ಮೂಸಿ ನೋಡಿದ. "ಕೀಲೆಣ್ಣೆ ವಾಸನೆ ಸಾರ್. ಗಾಡಿ ಚಕ್ರದೊಳಗಿನ ಕಡ್ಡಿ, ಅರೆಕಾಲು ಇದು."

"ಒಬ್ರು ತಾತ ಮೂರು ವಾರದಿಂದ ಬರ್ತಿದ್ರು," ಎಂದ ಕಾವಲುಗಾರ. "ಬೇರೆ ಏನೂ ನೋಡ್ತಿರ್ಲಿಲ್ಲ. ಇದರ ಮುಂದೆನೇ ನಿಂತಿರೋರು."

ಊರಿನಲ್ಲಿ ಕುದುರೆ ಗಾಡಿಯವರು ಮೂವರೇ ಉಳಿದಿದ್ದರು. ಇಬ್ಬರ ಗಾಡಿ ಓಡುತ್ತಿತ್ತು. ಮೂರನೆಯವರ ಕುದುರೆ ಎರಡು ವರ್ಷದ ಹಿಂದೆ ಸತ್ತಿತ್ತು.

ಮಧ್ಯಾಹ್ನ 3.30ಕ್ಕೆ ಪೊಲೀಸರು ಆ ಮನೆಗೆ ಹೋದಾಗ ಹಿತ್ತಲಿನ ಲಾಯದ ನೆಲಕ್ಕೆ ಹೊಸ ಹುಲ್ಲು ಹಾಸಿತ್ತು.

"ಕುದುರೆ ಇದೆಯಾ?"

"ಎಲ್ಲಿಂದ ಬರ್ಬೇಕು ಸಾರ್," ಎಂದರು ಹೆಂಡತಿ. "ದಿನಾ ಬೆಳಿಗ್ಗೆ ಎದ್ದು ಹಾಸ್ತಾರೆ. ಹೇಳಿ ಹೇಳಿ ನನಗೂ ಸಾಕಾಯ್ತು."

ಗಾಡಿಯವರು ತಾವಾಗಿಯೇ ಒಳಗಿನಿಂದ ಕಂಬಳಿಯ ಸುತ್ತನ್ನು ತಂದು ಇನ್‌ಸ್ಪೆಕ್ಟರ್ ಕೈಗಿತ್ತರು. ಅದರೊಳಗೆ ಮೂಳೆಯಿತ್ತು. "ನಮ್ಮ ಕೆಂಚಿದು," ಎಂದರು.

"ನಿಮ್ಮ ಕುದುರೆದೇ ಅಂತ ಹೇಗೆ ಗೊತ್ತು?"

"ಗಂಟು ಮುಟ್ಟಿ ನೋಡಿ ಸಾರ್. ಕೆಂಚಿ ಮರಿಯಾಗಿದ್ದಾಗ ಹಳ್ಳಕ್ಕೆ ಬಿದ್ಲು. ಕಾಲಿಗೆ ಪಟ್ಟಿ ಕಟ್ಟಿ ನಲವತ್ತು ದಿನ ಪಕ್ಕದಲ್ಲೇ ಮಲಗಿದ್ದೆ. ಆಮೇಲೆ ಹದಿನೇಳು ವರ್ಷ ಆ ಕಾಲು ಒಂದ್ಸಲ ಕುಂಟಲಿಲ್ಲ."

"ಕಾಲೇಜಿಗೆ ಕೊಟ್ಟೋರು ನೀವೇ ಅಲ್ವಾ? ಅವರ ಕಾಗದದಲ್ಲಿ ನಿಮ್ಮ ಹೆಬ್ಬೆಟ್ಟು ಇದೆ."

"ಚಿಕಿತ್ಸೆಗೆ ಅಂದ್ಕೊಂಡು ಒತ್ತಿದೆ. ಮಾರನೇ ದಿನ ಹೋದ್ರೆ ಮಣ್ಣು ಮಾಡಿದೀವಿ ಅಂದ್ರು. ಎಲ್ಲಿ ಅಂತ ಯಾರೂ ತೋರಿಸ್ಲಿಲ್ಲ."

4.10ಕ್ಕೆ ಅವರನ್ನು ಬಂಧಿಸಲಾಯಿತು. ಠಾಣೆಯಲ್ಲಿ ಹೇಳಿಕೆ ದಾಖಲಿಸುವಾಗ, ಅಷ್ಟು ಮೂಳೆಗಳಿರುವಾಗ ಇದೊಂದನ್ನೇ ಏಕೆ ತೆಗೆದಿರಿ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಗಾಡಿಯವರ ಉತ್ತರವನ್ನು ರೈಟರ್ ಒಂದಕ್ಷರ ತಿದ್ದದೆ ಬರೆದುಕೊಂಡ:

"ಮಿಕ್ಕಿದ್ದೆಲ್ಲ ಅವಳೇ ಬೆಳೆಸಿಕೊಂಡಿದ್ದು. ನನ್ನ ಕೈಯಲ್ಲಿ ಕೂಡಿದ್ದು ಇದೊಂದೇ."