ಎಡಗೈಗೆ ಬಲಗಣ್ಣು

ಹಾಡಹಗಲೇ, ಶೂಟಿಂಗ್ ರೇಂಜಿನ ನಟ್ಟನಡುವೆ, ಪಿಸ್ತೂಲು ರಿಪೇರಿಯವನು ಅವಳಿಗೆ ಕಣ್ಣು ಹೊಡೆದ!

ಒಂದು ಸಲವಲ್ಲ, ಎರಡು ಸಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮೊದಲೇ ಎಡಗೈಯಿಂದ ಹಾರಿಸಿದ ಗುಂಡುಗಳು ಗುರಿಹಲಗೆಯ ಮೇಲೆ ಚೆಲ್ಲಾಪಿಲ್ಲಿಯಾಗಿದ್ದವು. ಪೊಲೀಸರಿಗೆ ಗುರಿ ಕಲಿಸುವ ಕೋಚ್ ಅವಳು. ಬೈಕಿನಿಂದ ಬಿದ್ದು ಬಲ ಮಣಿಕಟ್ಟಿಗೆ ಪ್ಲೇಟ್ ಹಾಕಿಸಿಕೊಂಡ ಮೇಲೆ ಆ ಕೈ ಪಿಸ್ತೂಲಿನ ಭಾರ ತಡೆಯುತ್ತಿರಲಿಲ್ಲ. ಶುಕ್ರವಾರದ ಪರೀಕ್ಷೆಯಲ್ಲಿ ಎಡಗೈಯಿಂದ ಪಾಸಾದರೆ ರೇಂಜಿನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಆಫೀಸಿನಲ್ಲಿ ಫೈಲುಗಳ ಮುಂದೆ ಕೂರಬೇಕು. ಅಂಥ ಹೊತ್ತಿನಲ್ಲಿ ಈ ಮಹಾಶಯನಿಗೆ ಸರಸ!

ಪಿಸ್ತೂಲು ಖಾಲಿ ಮಾಡಿಟ್ಟು ಸೀದಾ ರಿಪೇರಿ ಕೋಣೆಗೆ ನುಗ್ಗಿದಳು. ಎಲ್ಲರೂ 'ಡಾಕ್ಟ್ರು' ಎಂದು ಕರೆಯುವ ಆ ಮನುಷ್ಯ ಯಾವುದೋ ಸ್ಪ್ರಿಂಗನ್ನು ಎಣ್ಣೆಬಟ್ಟೆಯಲ್ಲಿ ಒರೆಸುತ್ತಾ ಕೂತಿದ್ದ.

"ಏನ್ರೀ ಡಾಕ್ಟ್ರೇ, ಏನಾಗಿದೆ ನಿಮ್ಮ ಕಣ್ಣಿಗೆ?"

"ನನ್ನ ಕಣ್ಣಿಗೇನೂ ಆಗಿಲ್ಲ ಮೇಡಂ. ಆಗಿರೋದು ನಿಮ್ಮದಕ್ಕೆ. ಇಯರ್‌ಮಫ್ ಹಾಕಿದ್ರಲ್ಲ, ಕೂಗಿದ್ರೂ ಕೇಳ್ತಿರಲಿಲ್ಲ. ಎಡಗಣ್ಣು ಮುಚ್ಚಿ ಅಂತ ಮುಚ್ಚಿ ತೋರಿಸ್ದೆ."

ಬಂದ ಸಿಟ್ಟು ಹೋಗಲು ದಾರಿ ಕಾಣದೆ ಅವಳ ಕೆನ್ನೆಯಲ್ಲಿ ಕೂತಿತು.

"ಎಡಗೈಲಿ ಹೊಡೆಯೋಳು ಎಡಗಣ್ಣಲ್ಲಿ ನೋಡ್ಬೇಡ್ವಾ?"

"ಕೈ ಚಾಚಿ, ಬೆರಳು ಸೇರಿಸಿ ಸಣ್ಣ ತೂತು ಮಾಡಿ. ಎರಡೂ ಕಣ್ಣು ತೆರೆದಿರಲಿ. ಆ ತೂತಿನಿಂದ ನನ್ನ ಮೂಗು ನೋಡಿ."

"ನೋಡೋಕೆ ಬೇರೇನೂ ಸಿಗಲಿಲ್ವಾ?"

"ಇರೋದ್ರಲ್ಲಿ ಅದೇ ದೊಡ್ಡದು ಮೇಡಂ."

ನಗು ತಡೆದುಕೊಂಡು ಕೈ ಚಾಚಿದಳು.

"ಆ ತೂತಲ್ಲಿ ನನಗೆ ಕಾಣ್ತಿರೋದು ನಿಮ್ಮ ಬಲಗಣ್ಣು ಒಂದೇ" ಎಂದವನು ಮುಂದೆ ಹೇಳಬೇಕಾದದ್ದನ್ನು ಮರೆತ. ಅವಳೂ ಕೈ ಇಳಿಸುವುದನ್ನು ಮರೆತಳು.

"ಅಂದ್ರೆ, ಯಾವ ಕೈಲಿ ಹೊಡೆದ್ರೂ ನಿಮಗೆ ಗುರಿ ಹಿಡಿಯೋದು ಬಲಗಣ್ಣೇ" ಎಂದು ಕೊನೆಗೆ ತಡವರಿಸಿದ. "ಕೈ ಜೊತೆ ಕಣ್ಣನ್ನೂ ಬದಲಾಯಿಸಿಬಿಟ್ರಿ. ಪಿಸ್ತೂಲನ್ನ ಬಲಗಣ್ಣಿನ ಮುಂದಕ್ಕೆ ತನ್ನಿ, ಸ್ವಲ್ಪ ಒಳಕ್ಕೆ ವಾಲಿಸಿ."

ಊರವರಿಗೆಲ್ಲ ಕಲಿಸಿದ ಪಾಠ ತನಗೇ ಹೊಳೆಯಲಿಲ್ಲವಲ್ಲ ಎಂದು ಅವಳು ಹಣೆ ಚಚ್ಚಿಕೊಂಡಳು.

ಆಮೇಲೆ ದಿನಾ ಏನಾದರೊಂದು ನೆಪ. ಹಿಡಿ ಸಡಿಲವಾಗಿದೆ, ಟ್ರಿಗರ್ ಬಿಗಿಯಾಗಿದೆ.

"ಪಿಸ್ತೂಲಿಗೇನೂ ಆಗಿಲ್ಲ ಮೇಡಂ."

"ಹಾಗಾದ್ರೆ ಇನ್ನೊಂದ್ಸಲ ನೋಡಿ."

ಅವನು ನೋಡುತ್ತಿದ್ದ. ಪಿಸ್ತೂಲನ್ನಲ್ಲ.

ಶುಕ್ರವಾರ ಬಂತು. ಹತ್ತು ಗುಂಡಿನಲ್ಲಿ ಎಂಟು ಕಪ್ಪು ವೃತ್ತದೊಳಗೆ ಬೀಳಬೇಕು. ಮೊದಲನೆಯದು ಹೊರಗೆ. ಎರಡನೆಯದೂ ಹೊರಗೆ! ಪರೀಕ್ಷಕರು ಗಡಿಯಾರ ನೋಡಿಕೊಂಡರು. ಇನ್ನೊಂದು ತಪ್ಪಿದರೆ ಮುಗಿದೇ ಹೋಯಿತು. ಗಾಬರಿಯಲ್ಲಿ ಮತ್ತೆ ಎಡಗಣ್ಣಿನಿಂದಲೇ ನೋಡುತ್ತಿದ್ದೇನೆಂದು ಹೊಳೆದು, ಕೈ ಇಳಿಸಿ ಉಸಿರೆಳೆದುಕೊಂಡಳು. ಎಡಗಣ್ಣು ಮುಚ್ಚಿದಳು, ಪಿಸ್ತೂಲನ್ನು ಒಳಕ್ಕೆ ವಾಲಿಸಿದಳು, ಟ್ರಿಗರನ್ನು ಎಳೆದಾಡದೆ ಮೆಲ್ಲಗೆ ಒತ್ತಿದಳು.

ಕಪ್ಪಿನೊಳಗೆ. ಮತ್ತೆ ಕಪ್ಪಿನೊಳಗೆ. ಆಮೇಲಿನ ಯಾವೊಂದು ಗುಂಡೂ ಅವಳ ಮಾತು ಮೀರಲಿಲ್ಲ.

"ಎಂಟು! ಪಾಸ್!" ಎಂದು ಪರೀಕ್ಷಕರು ಘೋಷಿಸಿದ್ದೇ ತಡ, ಅವಳ ಶಿಷ್ಯರು ರೇಂಜ್ ಹಾರಿಹೋಗುವಂತೆ ಕೂಗಿದರು. ಅವಳು ಅವರ ನಡುವಿನಿಂದ ನುಸುಳಿ ರಿಪೇರಿ ಕೋಣೆಯ ಬಾಗಿಲಿಗೆ ಹೋದಳು. ಅವನು ಕಣ್ಣೊರೆಸಿಕೊಳ್ಳುತ್ತಿದ್ದ.

"ಡಾಕ್ಟ್ರೇ, ನೀವು ನನ್ನ ಹತ್ರ ಏನೋ ಹೇಳೋದಿದೆ ಅಲ್ವಾ?"

"ಇದೆ. ಮೊದಲೇ ಹೇಳಿದ್ರೆ ಅಯ್ಯೋ ಪಾಪ ಅಂತ ಹೇಳ್ತಿದಾನೆ ಅಂದ್ಕೊಳ್ತಿದ್ರಿ. ಪಾಸಾಗ್ಲಿ ಅಂತ ಕಾದೆ."

"ಫೇಲಾಗಿದ್ರೆ?"

"ಮುಂದಿನ ಪರೀಕ್ಷೆವರೆಗೂ ಕಾಯ್ತಿದ್ದೆ."

"ಅದರಲ್ಲೂ ಫೇಲಾಗಿದ್ರೆ?"

"ಮಗ ಮದುವೆ ಇಲ್ದೆ ಮುದುಕನಾದ ಅಂತ ನಮ್ಮಮ್ಮ ನಿಮಗೇ ಶಾಪ ಹಾಕ್ತಿದ್ರು."

ಅವಳು ಗೊಳ್ಳೆಂದು ನಕ್ಕಳು. "ನಂಗೆ ನೀವಂದ್ರೆ ಪ್ರಾಣ, ಡಾಕ್ಟ್ರೇ. ಪಾಸೋ ಫೇಲೋ, ಇವತ್ತು ಇದನ್ನ ಹೇಳಿಯೇ ಮನೆಗೆ ಹೋಗೋದು ಅಂತ ಬಂದಿದ್ದೆ. ಮೊದಲು ಅಮ್ಮನಿಗೆ ಫೋನ್ ಮಾಡಿ."

ಅವನು ಅವಸರದಲ್ಲಿ ನಂಬರ್ ಒತ್ತಿ, ಫೋನನ್ನು ಕಿವಿಗೆ ಹಿಡಿಯುವ ಬದಲು ಗಲ್ಲಕ್ಕೆ ಹಿಡಿದ. ಅವಳೇ ಕಿತ್ತುಕೊಂಡಳು.

"ಏನೋ, ಈ ಹೊತ್ತಲ್ಲಿ?" ಎಂದಿತು ಆ ಕಡೆಯ ದನಿ.

"ನಮಸ್ಕಾರ ಅತ್ತೆ" ಎಂದಳು ಅವಳು.