ಹದಿನೇಳು ನೋಟ್‌ಬುಕ್, ಒಂದೇ ತಪ್ಪು

"ಇದನ್ನ ಬರೆದ ಕೈ ನಿಮ್ಮದೇನಾ?"

ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತು ಅವಳು ಕೇಳಿದ ರಭಸಕ್ಕೆ, ವಿಜ್ಞಾನದ ಮೇಷ್ಟ್ರ ಟೀ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

ಅವಳು ಊರಿನ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುವವಳು. ಮೇಜಿನ ಮೇಲೆ ಕುಕ್ಕಿದ ನೋಟ್‌ಬುಕ್ ಅವಳ ಅಕ್ಕನ ಮಗಳದು. ಮನೆಯವರೆಲ್ಲ ಚಿನಕುರುಳಿ ಎಂದು ಕರೆಯುವ ಒಂಬತ್ತು ವರ್ಷದ ಹುಡುಗಿ. 'ನಮ್ಮ ನೆಲದ ಗಿಡ, ನಮ್ಮ ನೆಲದ ಪ್ರಾಣಿ' ಎಂಬ ಹೋಮ್‌ವರ್ಕ್ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಕ್ಕೆ ಬರೆದಿತ್ತು: ಕಾಪಿ ಹೊಡೆದಿದ್ದು.

"ಎರಡು ದಿನದಿಂದ ಮಗು ಬಾಯಿ ಬಿಟ್ಟಿಲ್ಲ. ಸ್ಕೂಲಿಗೆ ಹೋಗಲ್ಲ ಅಂತ ಮಂಚದ ಕೆಳಗೆ ಸೇರ್ಕೊಂಡಿದೆ!"

"ಮೇಡಂ, ಹದಿನೇಳು ಮಕ್ಕಳು ಅದೇ ನಾಲ್ಕು ಸಾಲು ಬರೆದಿದ್ದಾರೆ. ಲಂಟಾನ ನಮ್ಮ ನೆಲದ ಗಿಡ ಅನ್ನೋ ತಪ್ಪೂ ಅದೇ. ಕಾಪಿ ಅಲ್ದೆ ಇನ್ನೇನು?"

"ಗ್ರಂಥಾಲಯಕ್ಕೆ ಬಂದ ಹದಿನೇಳು ಜನಕ್ಕೂ ಹೇಳಿಕೊಟ್ಟಿದ್ದು ನಾನು!"

ಅವನು ಲೋಟ ಕೆಳಗಿಟ್ಟ.

"ಹಾಗಾದ್ರೆ ತಪ್ಪು ನಿಮ್ಮದು. ಲಂಟಾನ ಹೊರಗಿಂದ ಬಂದ ಗಿಡ."

ಅವಳ ಕಿವಿಗಳು ಬಿಸಿಯಾದವು. "ತಪ್ಪಾಗಿದ್ರೆ ತಪ್ಪು ಅಂತ ಬರೀರಿ. ಮಗೂನ ಕಳ್ಳಿ ಮಾಡೋಕೆ ನೀವ್ಯಾರು? ಯಾಕಮ್ಮಾ ಹೀಗೆ ಅಂತ ಒಂದು ಮಾತು ಕೇಳೋಕೆ ಬಾಯಿಗೇನಾಗಿತ್ತು?"

ಉತ್ತರಕ್ಕೂ ಕಾಯದೆ ಹೊರಟಳು. ಗ್ರಂಥಾಲಯಕ್ಕೆ ಬಂದು ಕಪಾಟುಗಳನ್ನೆಲ್ಲ ಜಾಲಾಡಿದಳು. ಮೂರು ಹೊಸ ಪುಸ್ತಕಗಳೂ ಅವನ ಮಾತನ್ನೇ ಹೇಳಿದವು. ತಾನು ನಂಬಿದ್ದು ರಟ್ಟು ಕಿತ್ತುಹೋದ ಹಳೆಯ ಪುಸ್ತಕವೊಂದನ್ನು! ಛೇ... ಕಣ್ಣಲ್ಲಿ ನೀರು ಬಂತು. ಅದೂ ಸಿಟ್ಟಿನದೇ.

ಶನಿವಾರ ಮಧ್ಯಾಹ್ನ ಅವನು ಮಿಕ್ಕ ಹದಿನಾರು ಮಕ್ಕಳನ್ನೂ ಕರೆದುಕೊಂಡು ಗ್ರಂಥಾಲಯಕ್ಕೇ ಬಂದ. ಚಿನಕುರುಳಿ ಚಿಕ್ಕಮ್ಮನ ಬೆನ್ನ ಹಿಂದೆ ಅಡಗಿದಳು. ಅವನು ಮಂಡಿಯೂರಿ ಕುಳಿತ.

"ವಿಚಾರಿಸದೆ ಬರೆದುಬಿಟ್ಟೆ ಪುಟ್ಟಾ. ತಪ್ಪು ನಂದು."

"ಬೈದಿದ್ದು ಎಲ್ಲರ ಮುಂದೆ ಅಲ್ವಾ ಸರ್? ಇದನ್ನೂ ಜೋರಾಗಿ ಹೇಳಿ!" ಚಿನಕುರುಳಿ ಬೆನ್ನ ಹಿಂದಿನಿಂದಲೇ ಇಣುಕಿದಳು.

ಅವನು ಜೋರಾಗಿಯೇ ಹೇಳಿದ. ಚಿಕ್ಕಮ್ಮನಿಗೆ ಮೈಯೆಲ್ಲ ಉರಿಯಿತು. ಇಷ್ಟು ಸುಲಭವಾಗಿ ತಪ್ಪೊಪ್ಪಿಕೊಂಡರೆ ಸಿಟ್ಟು ಉಳಿಸಿಕೊಳ್ಳುವುದಾದರೂ ಹೇಗೆ? "ನಂದೂ ತಪ್ಪಿದೆ ಮಕ್ಕಳೇ," ಎಂದಳು ಮುಖ ಗಂಟಿಕ್ಕಿಕೊಂಡೇ.

ಆಮೇಲೆ ಹೋಮ್‌ವರ್ಕನ್ನು ಹೊಸದಾಗಿ ಬರೆಯಲೆಂದು ಪ್ರತಿ ಶನಿವಾರ ಮಕ್ಕಳ ಜೊತೆ ಕಾಲುವೆ ದಂಡೆಯಲ್ಲಿ ಹುಡುಕಾಟ. ಆಮೆ, ಮಿಂಚುಳ್ಳಿ, ಜೊಂಡುಹುಲ್ಲು... ಒಂದೊಂದು ಎಲೆಗೂ ಇಬ್ಬರಿಗೂ ಜಗಳ!

"ಮೊದಲು ಪುಸ್ತಕ ನೋಡಿ!"

"ಮೊದಲು ಗಿಡ ನೋಡಿ ಮೇಡಂ!"

ಹೋಮ್‌ವರ್ಕ್ ಮುಗಿಯಿತು. ಮಕ್ಕಳು ಬರುವುದು ನಿಂತಿತು. ಅವನು ಮಾತ್ರ ಬಂದ. ನಾಲ್ಕು ಶನಿವಾರ ಅದೇ ಕಪಾಟಿನ ಮುಂದೆ ನಿಂತು, "ಆಮೆ ಬಗ್ಗೆ ಬೇರೆ ಪುಸ್ತಕ ಇದೆಯಾ?" ಎಂದು ಕೇಳಿ ಹೋದ.

ಐದನೆಯ ಸಲ ಅವಳು ಸಿಡಿದಳು.

"ಇಲ್ಲ! ಇರೋ ಮೂರನ್ನೂ ಓದಿ ಮುಗಿಸಿದ್ದೀರಿ. ನಿಜವಾಗ್ಲೂ ಯಾಕೆ ಬರ್ತೀರಿ ಹೇಳಿ!"

ಅವನ ಮುಖ ಕೆಂಪಾಯಿತು. "ಆವತ್ತು ನೀವು ಬೈದ ಮೇಲೆ... ಯಾವ ಮಗುವಿನ ಪುಸ್ತಕ ತೆರೆದ್ರೂ ಮೊದಲು ಕರೆದು ಕೇಳ್ತೀನಿ. ನನ್ನನ್ನ ಹಾಗೆ ತಿದ್ದೋರು ಯಾರೂ ಇರ್ಲಿಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ. ಯೋಚ್ನೆ ಮಾಡಿ ಹೇಳ್ತೀರಾ?"

ಎದೆ ಬಡಿತ ಅವನಿಗೂ ಕೇಳಿಸಿತೇನೋ ಎಂದು ಅವಳು ಸೆರಗು ಸರಿಪಡಿಸಿಕೊಂಡಳು.

"ಯೋಚ್ನೆ ಮಾಡೋಕೇನಿದೆ? ತಿಂಗಳಿಂದ ಬಾಗಿಲು ನೋಡ್ತಾ ಕೂತಿದ್ದೀನಿ! ಇಷ್ಟು ತಡ ಮಾಡಿದ್ರಲ್ಲ... ಈ ಸಿಟ್ಟು ಬೇಗ ಇಳಿಯಲ್ಲ, ಗೊತ್ತಾಯ್ತಾ?"

"ಇಳೀದೆ ಇರ್ಲಿ," ಎಂದ ಅವನು, ಅವಳ ಎದುರಿನ ಕುರ್ಚಿ ಎಳೆದುಕೊಂಡು. "ನಾನೂ ಎಲ್ಲಿಗೂ ಹೋಗಲ್ಲ."