ಒಂದು ಲೋಟ ನೀರಿನ ಷರತ್ತು

ಕತ್ತರಿಯ ನಗು ಕಂಡರೆ ವಕೀಲೆಗೆ ಮೊದಲ ದಿನದಿಂದಲೂ ಅನುಮಾನ. ಬೆಳಗಿನಿಂದ ಸಂಜೆಯವರೆಗೆ ಜನರ ಬೈಗುಳ ಓದುವವನಿಗೆ ಅಷ್ಟೊಂದು ನಗು ಎಲ್ಲಿಂದ ಬರುತ್ತದೆ?

ಸುದ್ದಿ ವೆಬ್‌ಸೈಟಿನ ಆ ಆಫೀಸಿನಲ್ಲಿ ಓದುಗರ ಕಾಮೆಂಟುಗಳನ್ನು ನೋಡಿ, ನಿಯಮ ಮೀರಿದ್ದನ್ನು ಅಳಿಸುವುದು ಅವನ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಕತ್ತರಿ. ಆ ನಿಯಮಗಳನ್ನು ಬರೆಯುವವಳು ಈ ವಕೀಲೆ. 'ಬಳಕೆಯ ಷರತ್ತುಗಳು' ಎಂಬ, ಯಾರೂ ಓದದೆ 'ಒಪ್ಪಿದ್ದೇನೆ' ಎಂದು ಒತ್ತಿ ಮುಂದೆ ಹೋಗುವ ಪುಟ ಇವಳ ಕೂಸು. ಬೆನ್ನ ಹಿಂದೆ ಇವಳಿಗೆ ಷರತ್ತಮ್ಮ ಎಂದು ಹೆಸರು.

ಆ ಪುಟವನ್ನು ಓದುವವನು ಅವನೊಬ್ಬನೇ. ಓದಿ ಸುಮ್ಮನಿರುವ ಪೈಕಿಯೂ ಅಲ್ಲ. ಆಗಾಗ ಅವಳ ಮೇಜಿಗೆ ಒರಗಿ ನಿಂತು ಸಂದೇಹ ಕೇಳುತ್ತಿದ್ದ. ವ್ಯಂಗ್ಯವಾಡಿದರೆ ನಿಂದನೆಯಾಗುತ್ತದೆಯೇ, ಶಾಪ ಹಾಕಿದರೆ ಬೆದರಿಕೆಯಾಗುತ್ತದೆಯೇ ಅಂತ. ಅವಳು ಉತ್ತರಿಸುವಾಗ ಅವನು ಕಾಗದ ನೋಡುತ್ತಿರಲಿಲ್ಲ. ಕನ್ನಡಕವನ್ನು ಮೇಲೆ ತಳ್ಳುವ ಅವಳ ಬೆರಳನ್ನು ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಸಾಕು, ಆ ನೋಟ ಕಿಟಕಿಗೆ ಹಾರುತ್ತಿತ್ತು.

"ಕಿಟಕಿಯಲ್ಲಿ ಅಂಥದ್ದೇನು ಕಾಣ್ತಿದೆ ನಿಮಗೆ?" ಎಂದು ಒಮ್ಮೆ ಕೇಳಿಯೇಬಿಟ್ಟಳು.

"ಎದುರುಗಡೆ ಗೋಡೆ ಮೇಡಂ. ಚೆನ್ನಾಗಿದೆ."

ಆ ಸಂಜೆ ಬಸ್ಸಿನಲ್ಲಿ ಅವಳಿಗೆ ತನ್ನಷ್ಟಕ್ಕೇ ನಗು ಬಂತು. ಹಿಂದೆಯೇ ಹೆದರಿಕೆಯೂ ಬಂತು. ಹೀಗೇ ನಗಿಸಿದವನೊಬ್ಬನನ್ನು ನಂಬಿ, ಮದುವೆ ಗೊತ್ತಾದ ಮೇಲೆ ಅವನಿಗೆ ಆಗಲೇ ಒಂದು ಸಂಸಾರವಿದೆಯೆಂದು ತಿಳಿದ ಹೆಣ್ಣು ಅವಳು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಆರಿಸಿಯೇ ಕುಡಿಯುತ್ತಾಳೆ. ನಿನ್ನ ಕೈಗೆ ಹಗ್ಗ ಕೊಟ್ಟರೆ ಹೆಡೆ ಎಲ್ಲಿ ಅಂತ ಹುಡುಕುತ್ತೀಯ ಕಣೇ ಎಂದು ಅಕ್ಕ ಹಂಗಿಸುತ್ತಿದ್ದಳು.

ಹೀಗಿರುವಾಗ ಒಂದು ದಿನ ಸಂಪಾದಕರು ಕರೆದರು. ಪೈಪೋಟಿಯ ಸುದ್ದಿತಾಣವೊಂದು ಇವಳ ಷರತ್ತುಗಳನ್ನು ಸಾಲು ಸಾಲಾಗಿ ಎತ್ತಿ ತನ್ನ ಪುಟಕ್ಕೆ ಹಾಕಿಕೊಂಡಿತ್ತು, ಅದೂ ಇವರ ಪುಟ ಹೊರಬಂದ ಮರುದಿನವೇ. ಕರಡು ಒಳಗಿನಿಂದಲೇ ಹೋಗಿರಬೇಕು ಎಂದರು. ಕತ್ತರಿ ಮೊದಲು ಅಲ್ಲೇ ಕೆಲಸಕ್ಕಿದ್ದನಲ್ಲವೇ ಎಂದೂ ಸೇರಿಸಿದರು. ಒಂದು ವಾರದೊಳಗೆ ಅವಳು ವಿಚಾರಿಸಿ ಹೇಳಬೇಕು. ಅವಳು ಹೌದೆಂದರೆ ಅವನ ಕೆಲಸ ಹೋಯಿತು.

ಓಹೋ, ಮೇಜಿಗೆ ಒರಗಿದ್ದು ಇದಕ್ಕೇ ಅಂದುಕೊಂಡಳು.

ಬಲೆ ಹೆಣೆದಳು. ಹೊಸ ಕರಡಿಗೆ ವಿಚಿತ್ರವಾದ ಸಾಲೊಂದನ್ನು ಸೇರಿಸಿ ಅವನೊಬ್ಬನಿಗೇ ತೋರಿಸಿದಳು: 'ಸಿಟ್ಟು ಬಂದಾಗ ಒಂದು ಲೋಟ ನೀರು ಕುಡಿದು ಬನ್ನಿ. ಎದುರಿಗೂ ಒಬ್ಬ ಮನುಷ್ಯನೇ ಕೂತಿದ್ದಾನೆ.'

ಅವನು ಎರಡು ಸಲ ಓದಿದ. ನಗಲಿಲ್ಲ. ಮೊದಲ ಬಾರಿಗೆ ಆ ನೋಟ ಕಿಟಕಿಗೆ ಹಾರದೆ ಅವಳ ಮುಖದಲ್ಲೇ ನಿಂತಿತು. ಬಲೆ ಹಾಕಿದವಳೇ ಕಣ್ಣು ತಪ್ಪಿಸಬೇಕಾಯಿತು.

ದಿನವೂ ಆ ಇನ್ನೊಂದು ತಾಣವನ್ನು ತೆರೆದು ನೋಡಿದಳು. ಸಾಲು ಅಲ್ಲಿ ಕಾಣಲಿಲ್ಲ. ಸಿಕ್ಕಿದ್ದು ತಮ್ಮದೇ ತಾಣದಲ್ಲಿ, ಬಸ್ ದರದ ಸುದ್ದಿಯ ಕೆಳಗೆ. ಯಾರೋ ಓದುಗ ಬರೆದಿದ್ದ: 'ನೀರು ಕುಡಿದು ಬಂದೆ. ಎದುರಿಗೆ ಕೂತವರು ಕ್ಷಮಿಸಿ.'

ನೇರ ಅವನ ಮೇಜಿಗೆ ಹೋದಳು. "ಇನ್ನೂ ಹಾಕದೇ ಇರೋ ಷರತ್ತು ಹೊರಗಿನವರಿಗೆ ಹೇಗೆ ಗೊತ್ತಾಯ್ತು?"

ಅವನು ತಡವರಿಸದೆ ಒಪ್ಪಿಕೊಂಡ. ಕಾಮೆಂಟು ಅಳಿಸಿದಾಗಲೆಲ್ಲ ಬರೆದವರಿಗೆ 'ನಿಯಮ ಉಲ್ಲಂಘನೆ' ಎಂಬ ಒಣ ಸಂದೇಶ ಹೋಗುತ್ತಿತ್ತು. ಈ ವಾರ ಅದರ ಜಾಗದಲ್ಲಿ ಅವಳ ಸಾಲು ಕಳಿಸಿದ್ದ. ದಿನವಿಡೀ ಬೈಸಿಕೊಳ್ಳುವವನ ಪರವಾಗಿ ಯಾರೋ ಒಂದು ಮಾತಾಡಿದ್ದು ಅದೇ ಮೊದಲು, ತಡೆದುಕೊಳ್ಳಲಾಗಲಿಲ್ಲ ಎಂದ.

"ಅದು ನಿಮ್ಮ ಪರವಾಗಿ ಬರೆದದ್ದಲ್ಲ. ನಿಮ್ಮನ್ನ ಹಿಡಿಯೋಕೆ ಬರೆದದ್ದು. ನಿಮ್ಮ ಹಳೇ ಸೈಟಿಗೆ ನಮ್ಮ ಕರಡು ಕೊಡ್ತಿರೋದು ನೀವೇ ಅಂತ ಅನುಮಾನ ಇತ್ತು."

ಅವನ ಮುಖದ ನಗು ಆರಿತು. "ಕೊಟ್ಟಿಲ್ಲ. ನಂಬೋದು ಬಿಡೋದು ನಿಮಗೆ ಸೇರಿದ್ದು," ಎಂದು ಅವನು ಕಂಪ್ಯೂಟರಿನ ಕಡೆ ತಿರುಗಿದ.

ಅವಳು ತನ್ನ ಜಾಗಕ್ಕೆ ಮರಳಿ, ಅಂದು ಮೊದಲ ಬಾರಿಗೆ ತನ್ನ ಅನುಮಾನದ ಮೇಲೇ ಅನುಮಾನಪಟ್ಟಳು. ಹಳೆಯ ಕರಡು, ತಮ್ಮ ಪುಟ, ಕದ್ದವರ ಪುಟ, ಮೂರನ್ನೂ ಪಕ್ಕಪಕ್ಕ ಇಟ್ಟಳು. ಫೋಟೊಗಳ ಮರುಬಳಕೆಯ ಬಗ್ಗೆ ಕರಡಿನಲ್ಲಿ ಒಂದು ಷರತ್ತಿತ್ತು. ತಮ್ಮ ಪುಟ ಸಿದ್ಧಪಡಿಸುವಾಗ ಅದು ಬಿಟ್ಟುಹೋಗಿತ್ತು. ಕದ್ದವರ ಪುಟದಲ್ಲೂ ಅದಿಲ್ಲ. ಕರಡೇ ಕೈಸೇರಿದ್ದರೆ ಅದೂ ಅಲ್ಲಿರಬೇಕಿತ್ತು. ಅವರು ಎತ್ತಿದ್ದು ಲೋಕಕ್ಕೆಲ್ಲ ಕಾಣುವ ಪುಟದಿಂದ. ಆಫೀಸಿನೊಳಗೆ ಕಳ್ಳನೇ ಇರಲಿಲ್ಲ. ಊರವರ ಮೊಸರಿನಲ್ಲೆಲ್ಲ ಕಲ್ಲು ಹುಡುಕುವವಳು ತನ್ನ ಪುಟವನ್ನೇ ತಾಳೆ ನೋಡಿರಲಿಲ್ಲ.

ಸಂಪಾದಕರಿಗೆ ಅಷ್ಟನ್ನೂ ಹೇಳಿದಳು, ತನ್ನ ತಪ್ಪನ್ನೂ ಬಿಡದೆ. ಆಮೇಲೆ ಒಂದು ಲೋಟ ನೀರು ಹಿಡಿದು ಅವನ ಮುಂದೆ ನಿಂತಳು.

"ಯಾರಿಗೆ?"

"ಸಿಟ್ಟಲ್ಲಿ ಇರೋರಿಗೆ."

ಅವನು ಲೋಟ ಮುಟ್ಟಲಿಲ್ಲ. ನಾಳೆ ಮತ್ತೆ ಅನುಮಾನ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದ.

"ಬರುತ್ತೆ. ನಾನು ಹಾಗೇ," ಎಂದಳು. "ಆದ್ರೆ ಇನ್ಮೇಲೆ ಬಲೆ ಹಾಕಲ್ಲ, ನಿಮ್ಮನ್ನೇ ಕೇಳ್ತೀನಿ. ಸುಮ್ನೆ ಹೂಂ ಅನ್ಬೇಡಿ ಮತ್ತೆ. ಎಲ್ಲರೂ ಓದದೇ ಒಪ್ಕೋತಾರೆ."

"ಬಂದಾಗಿನಿಂದ ಓದ್ತಾನೇ ಇದೀನಿ ಮೇಡಂ. ಸಂದೇಹ ಒಂದೂ ಇರ್ಲಿಲ್ಲ. ನಿಮ್ಮ ಮೇಜಿನ ಹತ್ರ ಬರೋಕೆ ನಂಗೆ ಬೇರೆ ದಾರಿ ಗೊತ್ತಿರ್ಲಿಲ್ಲ, ಅಷ್ಟೇ."

ಲೋಟ ತೆಗೆದುಕೊಂಡು ಅರ್ಧ ಕುಡಿದು, ಉಳಿದರ್ಧವನ್ನು ಅವಳ ಕಡೆ ಸರಿಸಿದ.

ಅವಳು ಅಭ್ಯಾಸಬಲದಿಂದ ಲೋಟದೊಳಗೆ ಒಮ್ಮೆ ಇಣುಕಿ ನೋಡಿದಳು. ಆಮೇಲೆ ಕುಡಿದಳು.